ತಜ್ವೀದ್ ಕಲಿಯಲು ಯಾವ ದಾರಿ? ಉಸ್ತಾದ್, ಆ್ಯಪ್, ಧ್ವನಿಮುದ್ರಣ, ಪುಸ್ತಕ

ತೀನ್ ಅಂದರೆ ಅಂಜೂರ. ತೀನ್ ಅಂದರೆ ಜೇಡಿಮಣ್ಣು ಕೂಡ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಪದ. ಅರಬಿಯಲ್ಲಿ ಹಾಗಲ್ಲ. ಅಂಜೂರದ ತ ಬೇರೆ, ಮಣ್ಣಿನ ತ ಬೇರೆ. ಎರಡೂ ಪದಗಳು ಕುರ್‌ಆನ್‌ನಲ್ಲಿ ಇವೆ. 95ನೇ ಸೂರಾದ (ಅಧ್ಯಾಯದ) ಹೆಸರೇ ಅಂಜೂರ. ಮನುಷ್ಯನನ್ನು ಮಣ್ಣಿನಿಂದ ಸೃಷ್ಟಿಸಿದ ಮಾತು ಬರುವ ಕಡೆ ಇರುವುದು ಇನ್ನೊಂದು ತೀನ್.

ಇಂಥ ವ್ಯತ್ಯಾಸ ಕಾಯುವ ವಿದ್ಯೆಗೆ ತಜ್ವೀದ್ ಎಂದು ಹೆಸರು. ಪದದ ಅರ್ಥವೇ ಚೆನ್ನಾಗಿ ಮಾಡುವುದು, ಉತ್ತಮಗೊಳಿಸುವುದು. ಪ್ರತಿ ಅಕ್ಷರ ಬಾಯಿಯ ಯಾವ ಜಾಗದಿಂದ ಹೊರಡಬೇಕು, ಎಷ್ಟು ಹೊತ್ತು ಎಳೆಯಬೇಕು, ಪಕ್ಕದ ಅಕ್ಷರ ಸೇರಿದಾಗ ಹೇಗೆ ಬದಲಾಗಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಇದರೊಳಗೆ ಬರುತ್ತದೆ. 73ನೇ ಸೂರಾದ 4ನೇ ಆಯತ್ (ವಚನ) ಕುರ್‌ಆನನ್ನು ನಿಧಾನವಾಗಿ, ಸ್ಪಷ್ಟವಾಗಿ ಓದಲು ಹೇಳುತ್ತದೆ.

ಕಲಿಯಲು ಈಗ ದಾರಿಗಳು ಜಾಸ್ತಿ. ಉಸ್ತಾದರ ಮುಂದೆ ಕೂರಬಹುದು. ಫೋನಿನಲ್ಲಿ ಪಾಠ ಕೇಳಬಹುದು. ಆ್ಯಪ್ ಇಟ್ಟುಕೊಳ್ಳಬಹುದು. ದೊಡ್ಡ ಕಾರಿಗಳ (ಕುರ್‌ಆನ್ ಓದುವುದರಲ್ಲಿ ಪಳಗಿದವರ) ಓದು ಕೇಳುತ್ತಾ ಕಲಿಯಬಹುದು. ಪುಸ್ತಕ ತಂದು ನಿಯಮ ಬಾಯಿಪಾಠ ಮಾಡಬಹುದು. ಯಾವುದನ್ನು ಆರಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಒಂದೇ ಪ್ರಶ್ನೆ ತಿರುಗಿ ಕೇಳುತ್ತೇನೆ. ಈ ದಾರಿಯಲ್ಲಿ ನಿಮ್ಮ ತಪ್ಪನ್ನು ಹಿಡಿಯುವವರು ಯಾರು?

ಎರಡು ಬಗೆಯ ತಪ್ಪು

ತಜ್ವೀದ್ ಬಲ್ಲವರು ಓದಿನ ತಪ್ಪನ್ನು ಎರಡಾಗಿ ವಿಂಗಡಿಸುತ್ತಾರೆ. ಮೊದಲನೆಯದು ಲಹ್ನ್ ಜಲೀ, ಅಂದರೆ ಎದ್ದು ಕಾಣುವ ತಪ್ಪು. ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಅಕ್ಷರ ಬರುವುದು, ಸ್ವರ ಬದಲಾಗುವುದು, ಗಿಡ್ಡ ಸ್ವರ ಉದ್ದವಾಗುವುದು. ಕುರ್‌ಆನಿನ ಮೊದಲ ಸೂರಾ ಫಾತಿಹಾದಲ್ಲಿ ‘ಅನ್ಅಮ್ತ’ ಅಂದರೆ ‘ನೀನು ಅನುಗ್ರಹಿಸಿದೆ’. ಕೊನೆಗೆ ‘ತು’ ಆದರೆ ‘ನಾನು ಅನುಗ್ರಹಿಸಿದೆ’ ಎಂದಾಗುತ್ತದೆ. ಒಂದು ಸ್ವರಕ್ಕೆ ಮಾತಾಡುವವರೇ ಬದಲಾಗಿಬಿಟ್ಟರು ನೋಡಿ. ಎರಡನೆಯದು ಲಹ್ನ್ ಖಫೀ, ಅಂದರೆ ಒಳಗೆ ಅಡಗಿರುವ ತಪ್ಪು. ಮೂಗಿನ ದನಿ ಸ್ವಲ್ಪ ಕಡಿಮೆ ಆಯಿತು, ಎಳೆತದ ಅಳತೆ ಒಂದೊಂದು ಕಡೆ ಒಂದೊಂದು ಥರ ಆಯಿತು, ಇಂಥವು. ಅರ್ಥ ಕೆಡುವುದಿಲ್ಲ, ಓದಿನ ಚೆಲುವು ಕೆಡುತ್ತದೆ.

ಯಾವ ದಾರಿ ಹಿಡಿದರೂ ಮೊದಲ ಬಗೆಯ ತಪ್ಪನ್ನೇ ಮೊದಲು ತೆಗೆಯಬೇಕು. ತುಂಬ ಜನ ಇದನ್ನು ಉಲ್ಟಾ ಮಾಡುತ್ತಾರೆ. ಆರು ಎಣಿಕೆ ಎಳೆಯುವುದನ್ನು ಚೆನ್ನಾಗಿ ಕಲಿತಿರುತ್ತಾರೆ, ಆದರೆ ‘ಅಲ್‌ಹಮ್ದು’ವಿನ ಹಾ ಇನ್ನೂ ನಮ್ಮ ಹಸುವಿನ ಹ ಆಗಿಯೇ ಉಳಿದಿರುತ್ತದೆ.

ಕನ್ನಡದ ನಾಲಿಗೆ ಎಲ್ಲಿ ಎಡವುತ್ತದೆ, ಎಲ್ಲಿ ಗೆಲ್ಲುತ್ತದೆ

ದಾರಿ ಆರಿಸುವ ಮುಂಚೆ ಇದು ಗೊತ್ತಿರಬೇಕು. ಯಾಕೆಂದರೆ ಸಿಗುವ ಆ್ಯಪ್, ವಿಡಿಯೊಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಅಥವಾ ಉರ್ದು ಮಾತಾಡುವವರನ್ನು ಮನಸ್ಸಿನಲ್ಲಿಟ್ಟು ಮಾಡಿದವು. ನಮ್ಮ ಕಷ್ಟ ಬೇರೆ, ನಮಗೆ ಸುಲಭವಾದದ್ದೂ ಬೇರೆ.

ಅರಬಿಯ ಖಾ ನಮ್ಮ ಖ ಅಲ್ಲ. ಘೈನ್ ನಮ್ಮ ಘ ಅಲ್ಲ. ಪರೀಕ್ಷೆ ಸುಲಭ. ನಮ್ಮ ಖ ವ್ಯಂಜನವನ್ನು ಎಳೆಯಲು ಆಗುವುದಿಲ್ಲ. ಗಾಳಿ ಒಮ್ಮೆ ತಡೆದು, ಒಮ್ಮೆ ಬಿಟ್ಟು ಮುಗಿಯುತ್ತದೆ. ಅರಬಿಯ ಖಾ ಉಜ್ಜುತ್ತಾ ಹೋಗುವ ದನಿ, ಉಸಿರು ಇರುವವರೆಗೂ ಎಳೆಯಬಹುದು. ನಿಮ್ಮ ಖಾ ಎಳೆಯಲು ಬರುತ್ತಿಲ್ಲ ಅಂದರೆ ಅದಿನ್ನೂ ಕನ್ನಡದ್ದೇ.

ಮಣ್ಣಿನ ತೀನ್‌ನ ತಾ ಕೂಡ ಹೀಗೆ. ದಪ್ಪ ಅಕ್ಷರ ಅಂದ ಕೂಡಲೇ ನಮ್ಮ ನಾಲಿಗೆ ಮಡಚಿ ಟ ಮಾಡಲು ಹೋಗುತ್ತದೆ. ಮಡಚಬಾರದು. ನಾಲಿಗೆಯ ತುದಿ ತ ಹೇಳುವ ಜಾಗದಲ್ಲೇ ಇರಬೇಕು, ಹಿಂಭಾಗ ಮಾತ್ರ ಮೇಲೇಳಬೇಕು. ಆಗ ಬಾಯಿ ತುಂಬಿದ ದನಿ ಬರುತ್ತದೆ. ಹೀಗೆ ಯಾವಾಗಲೂ ದಪ್ಪವಾಗಿ ಬರುವ ಅಕ್ಷರಗಳು ಏಳು.

ಇನ್ನು ನಮ್ಮ ಸಂಧಿಯ ಅಭ್ಯಾಸ. ನ್ ಮುಂದೆ ಸ್ವರ ಬಂದರೆ ಎರಡನ್ನೂ ಸೇರಿಸಿಬಿಡುತ್ತೇವೆ. ಹಾಗಾಗಿ ‘ಅನ್ಅಮ್ತ’ ನಮ್ಮ ಬಾಯಲ್ಲಿ ‘ಅನಮ್ತ’ ಆಗುತ್ತದೆ. ಅಲ್ಲಿರುವುದು ಸ್ವರ ಅಲ್ಲ, ಐನ್ ಎಂಬ ಗಂಟಲಿನ ವ್ಯಂಜನ. ನೂನ್ (ಅರಬಿಯ ನ್) ಮುಂದೆ ಗಂಟಲಿನ ಆರು ಅಕ್ಷರಗಳಲ್ಲಿ ಯಾವುದು ಬಂದರೂ ನೂನ್ ಬಿಡಿಯಾಗಿ, ಸ್ಪಷ್ಟವಾಗಿ ಕೇಳಬೇಕು. ಇದಕ್ಕೆ ಇಝ್‌ಹಾರ್ ಎನ್ನುತ್ತಾರೆ.

ಪದದ ಕೊನೆಗೆ ಉ ಸೇರಿಸುವ ಚಟವೂ ನಮ್ಮದೇ. ಬಸ್ ನಮ್ಮಲ್ಲಿ ಬಸ್ಸು, ಕಾರ್ ನಮ್ಮಲ್ಲಿ ಕಾರು ಅಲ್ವಾ? ಅದೇ ನಾಲಿಗೆ ‘ಅಹದ್’ ಎಂದು ನಿಲ್ಲಿಸುವಾಗ ‘ಅಹದು’ ಅನ್ನುತ್ತದೆ. ಇಲ್ಲಿ ಬೇಕಾದದ್ದು ಕಲ್‌ಕಲಾ. ಚೆಂಡು ನೆಲಕ್ಕೆ ತಾಗಿ ಪುಟಿದ ಹಾಗೆ ದಾಲ್ ಸಣ್ಣಗೆ ಪುಟಿಯಬೇಕು, ಸ್ವರ ಬರಬಾರದು. ಕಲ್‌ಕಲಾದ ಅಕ್ಷರಗಳು ಐದೇ. ಆದರೆ ಇದನ್ನು ಓದಿ ಕಲಿತವರನ್ನು ನಾನು ಕಂಡಿಲ್ಲ. ಕೇಳಿಯೇ ಕಲಿಯಬೇಕು.

ಗೆಲ್ಲುವ ಜಾಗಗಳೂ ಇವೆ, ಅದು ನನಗೆ ತುಂಬ ಖುಷಿ ಕೊಡುವ ವಿಷಯ. ಅಕ್ಷರದ ಮೇಲೆ ಶದ್ದ್ ಬಂದರೆ ಒತ್ತಿ ಹೇಳಬೇಕು ಎಂದು ಇಂಗ್ಲಿಷ್ ಮಾತಾಡುವವರಿಗೆ ಬಿಡಿಸಿ ಹೇಳಿಕೊಡಬೇಕಾಗುತ್ತದೆ. ಅಪ್ಪ, ಅಮ್ಮ, ಅಕ್ಕ, ಅಣ್ಣ ಎಂದು ಬೆಳೆದ ನಮಗೆ ಅದು ಹುಟ್ಟಿನಿಂದ ಬಂದದ್ದು. ಗಿಡ್ಡ ಸ್ವರ, ಉದ್ದ ಸ್ವರದ ಭೇದವೂ ಹಾಗೆ. ಲಘು, ಗುರು ಎಂದು ಮಾತ್ರೆ ಎಣಿಸಿದವರಿಗೆ ಸಹಜ ಮದ್ದ್‌ನ (ಸ್ವರದ ಎಳೆತದ) ಎರಡು ಎಣಿಕೆ ಕಷ್ಟವೇ ಅಲ್ಲ. ನೂನ್ ಮುಂದೆ ಬಾ ಅಕ್ಷರ ಬಂದರೆ ನೂನ್ ಮೀಮ್ ಆಗುತ್ತದೆ, ‘ಮಿನ್ ಬಅದಿ’ ಎಂಬುದು ‘ಮಿಮ್ ಬಅದಿ’ ಆಗುತ್ತದೆ. ಇದು ಇಕ್ಲಾಬ್. ಸಂಬಳ ಎಂದು ಹೇಳಿ ನೋಡಿ. ಆ ಸೊನ್ನೆ ತಾನಾಗಿಯೇ ಮ್ ಆಗಲಿಲ್ಲವೇ? ಅಂಗಡಿಯಲ್ಲಿ ಒಂದು ಥರ, ಅಂಚಿನಲ್ಲಿ ಒಂದು ಥರ, ಅಂದದಲ್ಲಿ ಇನ್ನೊಂದು ಥರ ಅದೇ ಸೊನ್ನೆ ಬದಲಾಗುತ್ತದೆ. ಹದಿನೈದು ಅಕ್ಷರಗಳ ಮುಂದೆ ಬರುವ ಇಖ್ಫಾ ಇದರ ಹತ್ತಿರದ ನಂಟ. ಅಲ್ಲಿ ನಾಲಿಗೆ ಪೂರ್ತಿ ತಾಗಿಸದೆ, ಮೂಗಿನ ದನಿಯನ್ನು ಸುಮಾರು ಎರಡು ಎಣಿಕೆ ಹಿಡಿದಿಡಬೇಕು. ಅಷ್ಟೇ ಹೊಸದು.

ಉಸ್ತಾದರ ಎದುರು ಕೂರುವುದು

ಉಳಿದ ಎಲ್ಲ ದಾರಿಗಳಿಗಿಂತ ಇದು ಮೇಲು. ಸಂಪ್ರದಾಯ ಅಂತ ಮಾತ್ರ ಹೀಗೆ ಹೇಳುತ್ತಿಲ್ಲ. ಕುರ್‌ಆನ್ ಮೊದಲಿಂದಲೂ ಬಾಯಿಂದ ಕಿವಿಗೆ, ಕಿವಿಯಿಂದ ಬಾಯಿಗೆ ಬಂದದ್ದು ನಿಜ. ಇಜಾಝತ್ ಎಂಬ ಅನುಮತಿಯ ಹಿಂದೆ ಇರುವುದು ಅದೇ, ಗುರುವಿನಿಂದ ಗುರುವಿಗೆ ಹಿಂದಕ್ಕೆ ಸಾಗುವ ಸರಪಳಿ. ಆದರೆ ನನ್ನ ಕಾರಣ ಇನ್ನೂ ಸರಳ. ನಮ್ಮ ಭಾಷೆಯಲ್ಲಿ ಇಲ್ಲದ ದನಿ ನಮ್ಮ ಕಿವಿಗೂ ಕೇಳಿಸುವುದಿಲ್ಲ. ಎರಡು ಬಗೆಯ ಹಾ ಒಂದೇ ಎಂದು ಕಿವಿ ನಂಬಿರುವಾಗ ನನ್ನ ತಪ್ಪನ್ನು ನಾನೇ ಹಿಡಿಯುವುದು ಹೇಗೆ?

ನನ್ನದೇ ಕಥೆ ಹೇಳುತ್ತೇನೆ. ಚಿಕ್ಕಂದಿನಲ್ಲಿ ನಾನು ಕಲಿತದ್ದು ಗುಂಪಿನಲ್ಲಿ. ಎಲ್ಲರೂ ಒಟ್ಟಿಗೆ ಜೋರಾಗಿ ಓದುತ್ತಿದ್ದೆವು. ಆ ದನಿಯಲ್ಲಿ ನನ್ನ ಹಾ ಮುಚ್ಚಿಹೋಗಿತ್ತು. ಎಷ್ಟೋ ವರ್ಷ ಆದಮೇಲೆ ಒಬ್ಬ ಉಸ್ತಾದರ ಮುಂದೆ ಒಬ್ಬಳೇ ಕೂತು ಫಾತಿಹಾ ಓದಿದೆ. ‘ಅಲ್‌ಹಮ್ದು’ ಅಂದ ಕೂಡಲೇ ಅವರು ಕೈ ಎತ್ತಿ ನಿಲ್ಲಿಸಿದರು. ಗಂಟಲ ನಡುಭಾಗ ಮುಟ್ಟಿ ತೋರಿಸಿದರು. ಇನ್ನೊಂದು ಹಾ ಗಂಟಲ ಬುಡದ್ದು, ಇದು ನಡುವಿನದು, ಇಲ್ಲಿ ಸ್ವಲ್ಪ ಬಿಗಿಯಬೇಕು ಎಂದರು. ಆ ಒಂದು ಪದಕ್ಕೆ ಅವತ್ತಿನ ಪಾಠ ಪೂರ್ತಿ ಹೋಯಿತು. ಮನೆಗೆ ಬಂದಮೇಲೆ ಮೊದಲ ಬಾರಿಗೆ ನನ್ನ ಕಿವಿಗೆ ಆ ಎರಡು ಹಾ ಬೇರೆ ಬೇರೆ ಕೇಳಿಸಿದವು.

ಹಾಗಾದರೆ ಒಳ್ಳೆಯ ಉಸ್ತಾದರನ್ನು ಗುರುತಿಸುವುದು ಹೇಗೆ? ಮೊದಲ ದಿನ ಫಾತಿಹಾ ಓದಿ. ಹೊಸಬರ ಓದನ್ನು ಒಮ್ಮೆಯೂ ತಡೆಯದೆ ‘ಮಾಶಾ ಅಲ್ಲಾಹ್, ಚೆನ್ನಾಗಿದೆ’ ಎನ್ನುವವರಿಂದ ಮನಸ್ಸಿಗೆ ಹಿತ ಆಗುತ್ತದೆ, ಓದು ತಿದ್ದುವುದಿಲ್ಲ. ತಡೆಯುವವರನ್ನು ಆರಿಸಿ. ಹಾಗೆಯೇ ತಪ್ಪು ಎಂದು ಹೇಳಿ ಸುಮ್ಮನಾಗುವವರಿಗಿಂತ, ನಾಲಿಗೆ ಎಲ್ಲಿಡಬೇಕು ಎಂದು ತೋರಿಸುವವರು ಮೇಲು. ಇಜಾಝತ್ ಇದ್ದರೆ ಒಳ್ಳೆಯದೇ. ಆದರೆ ಚೆನ್ನಾಗಿ ಓದುವವರೆಲ್ಲ ಹೊಸಬರಿಗೆ ಚೆನ್ನಾಗಿ ಕಲಿಸುತ್ತಾರೆ ಎಂದೇನಿಲ್ಲ. ಹೆಣ್ಣುಮಕ್ಕಳಿಗೆ ಕಲಿಸುವ, ಇಜಾಝತ್ ಪಡೆದ ಉಸ್ತಾದಿಯರೂ ಇದ್ದಾರೆ. ಸಂಕೋಚ ಇರುವವರು ಅವರನ್ನು ಹುಡುಕಿ. ಬಾಯಿ ಬಿಟ್ಟು ದನಿ ಎತ್ತಿ ಓದದೆ ಈ ವಿದ್ಯೆ ಬರುವುದಿಲ್ಲ.

ದೊಡ್ಡವರಾದಮೇಲೆ ಶುರು ಮಾಡುವವರಿಗೆ ನಾಚಿಕೆ ಜಾಸ್ತಿ. ಅವರಿಗೆ ಒಂದು ಹದೀಸ್ (ಪ್ರವಾದಿಯವರ ಮಾತು) ನೆನಪಿಸುತ್ತೇನೆ. ಬುಖಾರಿ ಮತ್ತು ಮುಸ್ಲಿಮ್ ಎಂಬ ಎರಡು ಹದೀಸ್ ಸಂಗ್ರಹಗಳಲ್ಲೂ ಇದೆ. ಕುರ್‌ಆನ್ ಓದುವುದರಲ್ಲಿ ನುರಿತವರು ಗೌರವಾನ್ವಿತ ಮಲಕ್‌ಗಳ (ದೇವದೂತರ) ಜೊತೆ ಇರುತ್ತಾರೆ, ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಎರಡು ಪ್ರತಿಫಲ ಎಂಬುದು ಅದರ ತಾತ್ಪರ್ಯ.

ಆನ್‌ಲೈನ್ ಪಾಠ

ಹತ್ತಿರದಲ್ಲಿ ತಕ್ಕ ಉಸ್ತಾದರು ಇಲ್ಲದಿದ್ದರೆ ಇದೇ ಎರಡನೇ ಆಯ್ಕೆ. ಎದುರು ಕೂತು ಕಲಿಯುವುದಕ್ಕೆ ತೀರ ಹತ್ತಿರ ಬರುತ್ತದೆ, ಆದರೆ ಒಂದು ಷರತ್ತು. ಒಬ್ಬರಿಗೆ ಒಬ್ಬರು ಇರಬೇಕು. ಮೂವತ್ತು ಜನ ಮೈಕ್ ಮುಚ್ಚಿಕೊಂಡು ಕೇಳುವ ತರಗತಿಯಲ್ಲಿ ನಿಯಮ ತಿಳಿಯಬಹುದು, ನಿಮ್ಮ ಓದನ್ನು ಯಾರೂ ಕೇಳುವುದಿಲ್ಲ.

ತೊಂದರೆ ಒಂದು ಇದೆ. ಕರೆಯಲ್ಲಿ ದನಿ ಸವೆದು ಬರುತ್ತದೆ. ಹಲ್ಲಿನ ನಡುವೆ ನಾಲಿಗೆ ಇಟ್ಟು ಹೇಳುವ ಸಾ, ಸಾಮಾನ್ಯ ಸೀನ್ ಮತ್ತು ಫಾ ಇವು ಮೂರೂ ಫೋನಿನಲ್ಲಿ ಒಂದರಂತೆ ಒಂದು ಕೇಳಿಸುತ್ತವೆ. ಹಿನ್ನೆಲೆ ಸದ್ದು ತೆಗೆಯುವ ಸೌಲಭ್ಯ ಆನ್ ಇದ್ದರೆ ಮೆಲ್ಲಗಿನ ಉಸಿರಿನ ದನಿಯನ್ನೂ ಸದ್ದು ಅಂತಲೇ ಅಳಿಸಿಹಾಕಬಹುದು. ಅದನ್ನು ಆಫ್ ಮಾಡಿ, ಬಾಯಿಯ ಹತ್ತಿರ ಮೈಕ್ ಬರುವ ಇಯರ್‌ಫೋನ್ ಹಾಕಿ. ಕ್ಯಾಮೆರಾ ಬಾಯಿ ಕಾಣುವಷ್ಟು ಹತ್ತಿರ ಇರಲಿ. ಪಾಠದ ಹಿಂದಿನ ದಿನ ನಿಮ್ಮ ಓದನ್ನು ರೆಕಾರ್ಡ್ ಮಾಡಿ ಕಳಿಸಿದರೆ ಇನ್ನೂ ಒಳ್ಳೆಯದು. ನೇರ ಕರೆಗಿಂತ ಅದರಲ್ಲಿ ದನಿ ಚೆನ್ನಾಗಿ ಉಳಿದಿರುತ್ತದೆ, ಉಸ್ತಾದರು ಎರಡು ಸಲ ಕೇಳಿ ತಿದ್ದಬಹುದು.

ಕೇಳಿ ಕಲಿಯುವುದು

ಇದು ಪಾಠಕ್ಕೆ ಬದಲಿ ಅಲ್ಲ. ಪಾಠದ ಜೊತೆ ಇದು ಇಲ್ಲದಿದ್ದರೆ ಪಾಠವೂ ನಿಲ್ಲುವುದಿಲ್ಲ. ಉಸ್ತಾದರು ವಾರಕ್ಕೆ ಒಂದು ಗಂಟೆ ಸಿಗಬಹುದು. ಕಿವಿಗೆ ದಿನವೂ ಊಟ ಬೇಕು.

ಯಾರನ್ನು ಕೇಳಬೇಕು? ಓದುವ ಶೈಲಿಯಲ್ಲಿ ಮುಜವ್ವದ್ ಎಂದೊಂದು, ಮುರತ್ತಲ್ ಎಂದೊಂದು. ಮುಜವ್ವದ್‌ನಲ್ಲಿ ರಾಗ ಏರಿಳಿದು, ಒಂದೊಂದು ಆಯತ್ ಉದ್ದಕ್ಕೆ ಹೋಗುತ್ತದೆ. ಈಜಿಪ್ಟಿನ ಅಬ್ದುಲ್ ಬಾಸಿತ್ ಅವರ ಓದು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಕಲಿಯುವವರು ಅದನ್ನು ಅನುಕರಿಸಲು ಹೋದರೆ ರಾಗ ಬರುತ್ತದೆ, ಅಕ್ಷರ ಜಾರುತ್ತದೆ. ಕಲಿಯಲು ಮುರತ್ತಲ್ ಹಿಡಿಯಿರಿ, ಅಳತೆಯಾದ ನೇರ ಓದು.

ನನ್ನ ಆಯ್ಕೆ ಮಹಮೂದ್ ಖಲೀಲ್ ಅಲ್ ಹುಸರಿ. ಈಜಿಪ್ಟಿನವರು, 1917ರಲ್ಲಿ ಹುಟ್ಟಿ 1980ರಲ್ಲಿ ತೀರಿಕೊಂಡರು. ಇಡೀ ಕುರ್‌ಆನ್ ಮುರತ್ತಲ್ ಶೈಲಿಯಲ್ಲಿ ಮೊದಲು ಧ್ವನಿಮುದ್ರಣ ಆದದ್ದು ಅವರ ದನಿಯಲ್ಲೇ, 1961ರಲ್ಲಿ. ಪ್ರತಿ ಅಕ್ಷರ ತನ್ನ ಜಾಗದಿಂದ ಹೊರಟು, ತನ್ನ ಅಳತೆಗೆ ನಿಲ್ಲುತ್ತದೆ. ಕಲಿಸಲೆಂದೇ ನಿಧಾನವಾಗಿ ಓದಿದ ಅವರ ಮುಅಲ್ಲಿಮ್ ಓದೂ ಸಿಗುತ್ತದೆ. ಮಕ್ಕಳಿಗಾದರೆ ಅಲ್ ಮಿನ್ಶಾವಿ ಓದಿ, ಹಿಂದೆ ಮಕ್ಕಳ ದನಿ ಅದನ್ನೇ ಮರಳಿ ಹೇಳುವ ಧ್ವನಿಮುದ್ರಣ ಕೊಡಿ. ಹೇಳಿಕೊಡದೆಯೇ ಅವರೂ ಜೊತೆಗೆ ಹೇಳಲು ಶುರು ಮಾಡುತ್ತಾರೆ.

ಒಬ್ಬರನ್ನೇ ಹಿಡಿಯಿರಿ. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಆದರೆ ಎಳೆತದ ಅಳತೆ ಕಿವಿಯಲ್ಲಿ ಕೂರುವುದಿಲ್ಲ. ಒಂದೇ ಪದದಲ್ಲಿ ಮದ್ದ್ ಅಕ್ಷರದ ಮುಂದೆ ಹಂಝ (ಗಂಟಲಲ್ಲಿ ದನಿ ಥಟ್ಟನೆ ತಡೆದು ಬರುವ ಅಕ್ಷರ) ಬಂದರೆ ನಾಲ್ಕು ಅಥವಾ ಐದು ಎಣಿಕೆ ಎಳೆಯಬಹುದು. ಆಯತ್ ಕೊನೆಯಲ್ಲಿ ನಿಲ್ಲುವಾಗ ಎರಡು, ನಾಲ್ಕು, ಆರು ಮೂರೂ ಸರಿ. ಆದರೆ ಒಂದು ಓದಿನೊಳಗೆ ಒಂದೇ ಅಳತೆ ಇರಬೇಕು. ಫೋನಿನಲ್ಲಿ ವೇಗ ಕಡಿಮೆ ಮಾಡಿ ಕೇಳುವುದೂ ಬೇಡ, ಎಣಿಕೆಯ ಅಂದಾಜೇ ತಪ್ಪುತ್ತದೆ. ನಿಧಾನವಾಗಿ ಓದಿದ್ದನ್ನೇ ಹುಡುಕಿ.

ಇನ್ನೊಂದು ಮಾತು. ನಾವು ಸಾಮಾನ್ಯವಾಗಿ ಕೇಳುವುದು ಹಫ್ಸ್ ಓದು, ಪರಂಪರೆಯಿಂದ ಬಂದ ಓದಿನ ರೀತಿಗಳಲ್ಲಿ ಒಂದು. ಉತ್ತರ ಮತ್ತು ಪಶ್ಚಿಮ ಆಫ್ರಿಕಾದಲ್ಲಿ ವರ್ಶ್ ಓದು ಹೆಚ್ಚು. ಅದೂ ಸರಿಯಾದ ಓದೇ, ನಿಯಮ ಮಾತ್ರ ಕೆಲವು ಕಡೆ ಬೇರೆ. ಧ್ವನಿಮುದ್ರಣದ ಹೆಸರಿನಲ್ಲಿ ಹಫ್ಸ್ ಇದೆಯೇ ಎಂದು ನೋಡಿಕೊಳ್ಳಿ.

ಆ್ಯಪ್

ನಿಮ್ಮ ಓದು ಕೇಳಿಸಿಕೊಂಡು ತಪ್ಪು ತೋರಿಸುವ ಆ್ಯಪ್‌ಗಳು ಬಂದಿವೆ. ಬಿಟ್ಟುಹೋದ ಪದ, ಹಿಂದುಮುಂದಾದ ಪದ ಹಿಡಿಯುವುದರಲ್ಲಿ ಅವು ನೆರವಾಗುತ್ತವೆ. ಹಾಗಾಗಿ ಹಿಫ್ಝ್ (ಕುರ್‌ಆನ್ ಬಾಯಿಪಾಠ) ಮಾಡುವವರಿಗೆ ಉಪಯೋಗ. ತೆಳು ಸೀನ್ ಬಂತೋ, ದಪ್ಪ ಸಾದ್ ಬಂತೋ ಎಂಬುದಕ್ಕೆ ಮಾತ್ರ ನಾನು ಅವನ್ನು ನಂಬುವುದಿಲ್ಲ. ಹಸಿರು ಗುರುತು ಬಂತು ಅಂದರೆ ಪದ ಯಾವುದೆಂದು ಅದಕ್ಕೆ ಗೊತ್ತಾಯಿತು ಎಂದಷ್ಟೇ ಅರ್ಥ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಒಂದೇ ಆಯತ್ ಮತ್ತೆ ಮತ್ತೆ ಕೇಳಿಸುವ ಸೌಲಭ್ಯ ಮತ್ತು ಫೋನಿನ ಸಾಮಾನ್ಯ ರೆಕಾರ್ಡರ್. ಕಾರಿಯ ಒಂದು ಆಯತ್, ನಿಮ್ಮ ಒಂದು ಆಯತ್ ಹಿಂದೆ ಮುಂದೆ ಕೇಳಿ. ಕೊನೆಗೆ ಸೇರಿದ ಆ ಉ ಆಗ ಕೇಳಿಸುತ್ತದೆ.

ಕನ್ನಡ ಲಿಪಿಯಲ್ಲಿ ಬರೆದದ್ದು

ಇದನ್ನು ಆಯ್ಕೆಯಾಗಿ ಇಟ್ಟುಕೊಳ್ಳಲೇಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಈ ಬರಹದಲ್ಲಿ ನಾನು ಬರೆದಿರುವ ಅರಬಿ ಪದಗಳೂ ಗುರುತಿಗೆ ಮಾತ್ರ. ಕನ್ನಡದ ಒಂದು ಸ ಅರಬಿಯ ಮೂರು ಅಕ್ಷರ ಹೊರಬೇಕು. ಎರಡು ಹಾ ಅಕ್ಷರಗಳಿಗೂ ಒಂದೇ ಹ, ಎರಡು ಕಾಫ್‌ಗೂ ಒಂದೇ ಕ. ‘ಕುಲ್’ ಎಂದು ಬರೆದರೆ ‘ಹೇಳು’ ಎಂದೂ ಆಗಬಹುದು, ‘ತಿನ್ನು’ ಎಂದೂ ಆಗಬಹುದು. ಉಪವಾಸದ ತಿಂಗಳ ಹೆಸರನ್ನೇ ನೋಡಿ. ರಂಜಾನ್, ರಮಝಾನ್, ರಮದಾನ್ ಮೂರೂ ಕನ್ನಡದಲ್ಲಿ ಕಾಣುತ್ತವೆ. ಆ ಅಕ್ಷರ ದಾದ್. ನಾಲಿಗೆಯ ಪಕ್ಕದ ಅಂಚು ಮೇಲಿನ ದವಡೆ ಹಲ್ಲಿಗೆ ತಾಗಿ ಬರುತ್ತದೆ. ಜ, ಝ, ದ ಯಾವುದೂ ಅದಲ್ಲ.

ಹೊಸದಾಗಿ ಇಸ್ಲಾಂಗೆ ಬಂದವರು ನಮಾಜ್‌ಗೆ ಕೂಡಲೇ ಬೇಕೆಂದು ಕೆಲವು ದಿನ ಕನ್ನಡದಲ್ಲಿ ಬರೆದುಕೊಂಡರೆ ಅದು ಬೇರೆ. ಆಗಲೂ ದನಿ ಕೇಳುತ್ತಲೇ ಓದಿ. ಜೊತೆಗೆ ನೂರಾನಿ ಕಾಯಿದಾದಂಥ ಅಕ್ಷರ ಕಲಿಸುವ ಪುಸ್ತಕ ಶುರು ಮಾಡಿ. ಅರಬಿ ಅಕ್ಷರ 28. ನಮ್ಮ ಕಾಗುಣಿತ ಕಲಿತವರಿಗೆ ಅದು ಬೆಟ್ಟವಲ್ಲ.

ನಿಯಮದ ಪುಸ್ತಕ, ಪದ್ಯ

ಅಕ್ಷರ ಹೊರಡುವ ಜಾಗಗಳು ಹದಿನೇಳು, ಅವು ಸೇರುವ ಐದು ನೆಲೆಗಳು ಗಂಟಲು, ನಾಲಿಗೆ, ತುಟಿ, ಮೂಗಿನ ಒಳಭಾಗ, ಬಾಯಿಯ ಪೊಳ್ಳು. ಇವನ್ನೆಲ್ಲ ಪದ್ಯದಲ್ಲಿ ಬಾಯಿಪಾಠ ಮಾಡುವ ಹಳೆಯ ಪದ್ಧತಿ ಇದೆ. ಶುರು ಮಾಡುವವರಿಗೆ ಜಮ್‌ಝೂರಿಯವರ ತುಹ್ಫತುಲ್ ಅತ್ಫಾಲ್, ಆಮೇಲೆ 1429ರಲ್ಲಿ ತೀರಿಕೊಂಡ ಇಬ್ನುಲ್ ಜಝರಿಯವರ ಮುಕದ್ದಿಮಾ. ಕಲಿಸುವವರಾಗಬೇಕು ಎನ್ನುವವರಿಗೆ ಇದು ಬೇಕೇ ಬೇಕು. ಉಳಿದವರು ಇದರಿಂದ ಶುರು ಮಾಡುವುದು ಬೇಡ. ಒಂದು ನಿಯಮ ಬಾಯಲ್ಲಿ ಬಂದಮೇಲೆ ಅದರ ಹೆಸರು ಓದಿದರೆ ಐದು ನಿಮಿಷದಲ್ಲಿ ತಲೆಗೆ ಹೋಗುತ್ತದೆ. ಉಲ್ಟಾ ಮಾಡಿದರೆ ತಿಂಗಳು ಬೇಕು.

ಯಾವ ಮುಸ್‌ಹಫ್

ಮುಸ್‌ಹಫ್ ಅಂದರೆ ಕುರ್‌ಆನಿನ ಪ್ರತಿ. ಭಾರತೀಯ ಉಪಖಂಡದ ಮುದ್ರಣ ಮತ್ತು ಮದೀನಾದ ಮುದ್ರಣ ಎರಡರಲ್ಲೂ ಕುರ್‌ಆನ್ ಒಂದೇ, ಗುರುತುಗಳು ಬೇರೆ. ಮದೀನಾ ಮುದ್ರಣದಲ್ಲಿ ಒಂದು ಜಾಣತನ ಇದೆ. ನೂನ್ ಸ್ಪಷ್ಟವಾಗಿ ಹೇಳಬೇಕಾದ ಕಡೆ ಮಾತ್ರ ಅದರ ಮೇಲೆ ಸುಕೂನ್ (ಸ್ವರ ಇಲ್ಲ ಎನ್ನುವ) ಗುರುತು ಇರುತ್ತದೆ. ನೂನ್ ಅಡಗುವ ಅಥವಾ ಮುಂದಿನ ಅಕ್ಷರದಲ್ಲಿ ಸೇರಿಹೋಗುವ ಕಡೆ ಮೇಲೆ ಏನೂ ಇರುವುದಿಲ್ಲ. ತನ್ವೀನ್‌ನ (ಪದದ ಕೊನೆಗೆ ‘ನ್’ ದನಿ ತೋರಿಸುವ ಗುರುತಿನ) ಎರಡು ಗೆರೆಯೂ ಹಾಗೆ. ಸ್ಪಷ್ಟವಾಗಿ ಹೇಳುವ ಕಡೆ ಒಂದರ ಮೇಲೊಂದು ಸರಿಯಾಗಿ ಕೂತಿರುತ್ತವೆ, ಅಡಗುವ, ಸೇರಿಹೋಗುವ ಕಡೆ ಸ್ವಲ್ಪ ಸರಿದಿರುತ್ತವೆ. ಇದು ಗೊತ್ತಾದರೆ ಪುಟವೇ ನಿಯಮ ಹೇಳಿಕೊಡುತ್ತದೆ. ಬಣ್ಣದ ತಜ್ವೀದ್ ಮುಸ್‌ಹಫ್ ಅದನ್ನೇ ಇನ್ನೂ ಸುಲಭ ಮಾಡುತ್ತದೆ. ಆದರೆ ಒಂದೊಂದು ಪ್ರಕಾಶನದ್ದು ಒಂದೊಂದು ಬಣ್ಣ, ಮತ್ತು ಬಣ್ಣ ಇಲ್ಲದ ಪುಟ ಕಂಡಾಗ ಕೆಲವರು ಗಲಿಬಿಲಿಯಾಗುತ್ತಾರೆ. ಚಿಕ್ಕಂದಿನಿಂದ ಉಪಖಂಡದ ಮುದ್ರಣ ಓದಿದವರು ಅದನ್ನೇ ಮುಂದುವರಿಸಿ. ಹೊಸಬರು ಉಸ್ತಾದರ ಕೈಯಲ್ಲಿ ಯಾವುದಿದೆಯೋ ಅದನ್ನೇ ತೆಗೆದುಕೊಳ್ಳಿ.

ಸಮಯ ತುಂಬ ಕಡಿಮೆ ಇದ್ದರೆ

ವಾರಕ್ಕೆ ಹದಿನೈದು ನಿಮಿಷ ಮಾತ್ರ ಉಸ್ತಾದರು ಸಿಗುತ್ತಾರೆ ಅಂದುಕೊಳ್ಳಿ. ಅಷ್ಟರಲ್ಲಿ ಹೊಸ ಸೂರಾ ಬೇಡ, ನಿಯಮದ ಪಟ್ಟಿಯೂ ಬೇಡ. ಫಾತಿಹಾದ ಏಳು ಆಯತ್ ಓದಿ. ಪ್ರತಿ ನಮಾಜ್‌ನಲ್ಲಿ ಬರುವುದು ಅದು. ಎರಡೂ ಹಾ, ಐನ್, ಸಾದ್, ದಪ್ಪ ತಾ, ದಾದ್, ಘೈನ್ ಎಲ್ಲ ಅದರೊಳಗೆ ಇವೆ. ಆರು ಎಣಿಕೆಯ ಮದ್ದ್ ಕೂಡ ಕೊನೆಯ ಪದ ‘ದಾಲ್ಲೀನ್’ನಲ್ಲಿ ಇದೆ. ಅವರು ಹೇಳಿದ ತಪ್ಪುಗಳಲ್ಲಿ ಎರಡನ್ನೇ ಬರೆದುಕೊಳ್ಳಿ. ಆ ವಾರ ಅಲ್ ಹುಸರಿಯವರ ಫಾತಿಹಾ ದಿನಕ್ಕೆ ಐದು ಸಲ ಕೇಳಿ, ಆ ಎರಡು ಜಾಗದಲ್ಲಿ ಮಾತ್ರ ಕಿವಿ ಇಡಿ. ಮುಂದಿನ ವಾರ ಮತ್ತೆ ಅದೇ ಫಾತಿಹಾ, ಇನ್ನೆರಡು ತಪ್ಪು.